ಬೆಕ್ಕನ್ನು ಕರೆದುಕೊಂಡು ಜರ್ಮನಿಗೆ ಬರುವವರಿಗೆ

ಊರಲ್ಲಿ ಬೆಕ್ಕನ್ನು ಸಾಗಿಸುವುದು ಅಂದರೆ ಗೋಣಿಚೀಲ. ಒಳಗೆ ಬಿಟ್ಟು, ಬಾಯಿ ಕಟ್ಟಿ, ಬೈಕಿನ ಹಿಂದೆ ಕೂತವರ ತೊಡೆಯ ಮೇಲೆ ಇಟ್ಟುಕೊಂಡರೆ ಆಯಿತು. ದಾರಿ ಕಂಡರೆ ವಾಪಸ್ ಓಡಿ ಬರುತ್ತೆ ಅನ್ನುತ್ತಿದ್ದರು. ನಾನೂ ಅದನ್ನೇ ನೋಡಿ ಬೆಳೆದವಳು. ನಮ್ಮ ಚುಕ್ಕಿಯನ್ನು ಬೆಂಗಳೂರಿನಿಂದ ಮ್ಯೂನಿಕ್‌ಗೆ ತರುವಾಗ ಕಾಗದಪತ್ರಕ್ಕೆ ಆರು ತಿಂಗಳು ಓಡಾಡಿದೆ. ಅವಳು ಕೂರಬೇಕಾದ ಬ್ಯಾಗನ್ನು ಮಾತ್ರ ಹೊರಡುವ ಹಿಂದಿನ ದಿನ ಕೊಂಡೆ. ಇವತ್ತಿಗೂ ನೆನೆದರೆ ಹೊಟ್ಟೆ ಹಿಂಡುತ್ತದೆ.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಚರ್ಮದಡಿ ಹಾಕುವ 15 ಅಂಕಿಯ ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ. ಚಿಪ್‌ಗಿಂತ ಮೊದಲು ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಲಸಿಕೆಯಾಗಿ 30 ದಿನ ಕಳೆದ ಮೇಲೆ, ಲಸಿಕೆ ಹಿಡಿದಿದೆಯೇ ಅಂತ ನೋಡುವ ರಕ್ತಪರೀಕ್ಷೆ, ಯುರೋಪಿನವರು ಒಪ್ಪಿದ ಲ್ಯಾಬಿನಲ್ಲೇ ಆಗಬೇಕು. ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಕೊನೆಗೆ ಸರ್ಕಾರಿ ಪಶುವೈದ್ಯರ ಪ್ರಮಾಣಪತ್ರ, ಅದು ಸಿಕ್ಕ 10 ದಿನದೊಳಗೆ ಇಲ್ಲಿಗೆ ಬಂದಿರಬೇಕು. ಅಷ್ಟೇ.

ಈಗ ಮುಖ್ಯವಾದದ್ದು. ವಿಮಾನದಲ್ಲಿ ಸೀಟಿನ ಕೆಳಗೆ ಇಡುವುದಕ್ಕೆ ಮೆತ್ತನೆಯ ಬ್ಯಾಗ್ ಬೇಕು. ಬೆಕ್ಕು, ಬ್ಯಾಗ್ ಎರಡೂ ಸೇರಿ 8 ಕಿಲೋ ಮೀರಬಾರದು ಅನ್ನುವ ಕಡೆಗಳಿವೆ, ಟಿಕೆಟ್ ಮಾಡಿಸುವ ಮೊದಲೇ ಕೇಳಿಕೊಳ್ಳಿ. ಆ ಬ್ಯಾಗನ್ನು ಕನಿಷ್ಠ ಒಂದು ತಿಂಗಳು ಮುಂಚೆ ತಂದು, ಬಾಯಿ ತೆರೆದು, ಬೆಕ್ಕು ಮಲಗುವ ಜಾಗದಲ್ಲೇ ಇಟ್ಟುಬಿಡಿ. ಊಟ ಅದರೊಳಗೇ ಹಾಕಿ. ತಾನಾಗಿ ಹೋಗಿ ಮಲಗಬೇಕು. ನಾವು ಹಾಗೆ ಮಾಡಲಿಲ್ಲ. ಹೊರಡುವ ರಾತ್ರಿ ಇಬ್ಬರು ಸೇರಿ ಅವಳನ್ನು ಒಳಗೆ ತುರುಕಿದೆವು. ದಾರಿಯಲ್ಲಿ ಹಸಿದಾಳು ಅಂತ ಅಮ್ಮ ಹಾಲು ಕುಡಿಸಿದ್ದರು. ದೊಡ್ಡ ಬೆಕ್ಕುಗಳಿಗೆ ಹಾಲು ಸಾಮಾನ್ಯವಾಗಿ ಆಗಿಬರುವುದಿಲ್ಲ ಅಂತ ಆಗ ನನಗೂ ಗೊತ್ತಿರಲಿಲ್ಲ. ಹೆಬ್ಬಾಳದ ಫ್ಲೈಓವರ್ ದಾಟುವಷ್ಟರಲ್ಲಿ ಎಲ್ಲ ವಾಂತಿಯಾಗಿತ್ತು. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಊಟ ನಿಲ್ಲಿಸಿ. ನೀರು ನಿಲ್ಲಿಸಬೇಡಿ. ನಿದ್ದೆ ಮಾತ್ರೆ ಕೊಟ್ಟರೆ ಸುಮ್ನೆ ಮಲಗಿರುತ್ತೆ ಅನ್ನುವವರ ಮಾತು ಕೇಳಬೇಡಿ. ತುಂಬಾ ಹೆದರುವ ಬೆಕ್ಕಾದರೆ ಡಾಕ್ಟರನ್ನೇ ಕೇಳಿ.

ಸೆಕ್ಯುರಿಟಿ ಚೆಕ್‌ನಲ್ಲಿ ಬ್ಯಾಗ್ ಎಕ್ಸ್-ರೇಗೆ ಹೋಗುತ್ತದೆ, ಬೆಕ್ಕು ನಮ್ಮ ಕೈಯಲ್ಲಿರಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಟ್ರೇಗಳ ಸದ್ದಿಗೆ ಚುಕ್ಕಿ ನನ್ನ ಭುಜ ಹತ್ತಿ ಹಾರಲು ನೋಡಿದಳು. ತಾಯಿಬೆಕ್ಕು ಮರಿಗಳನ್ನು ಕುತ್ತಿಗೆ ಕಚ್ಚಿಕೊಂಡು ಏಳು ಮನೆ ಸುತ್ತಿಸುತ್ತೆ ಅಂತ ಅಜ್ಜಿ ಹೇಳುತ್ತಿದ್ದರಲ್ಲ, ಅದೇ ತಲೆಯಲ್ಲಿತ್ತೋ ಏನೋ, ನಾನು ಕುತ್ತಿಗೆಯ ಚರ್ಮ ಹಿಡಿದು ಎತ್ತಿಬಿಟ್ಟೆ. ಮರಿಗೆ ಅದು ನಡೆಯುತ್ತದೆ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ನೋವು, ಭಯ ಎರಡೂ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಗಾಲುಗಳ ಕೆಳಗೆ ಕೊಟ್ಟು ಮೈಗೆ ಒತ್ತಿಕೊಳ್ಳಬೇಕು. ಹಾರ್ನೆಸ್, ಅಂದರೆ ಮೈಗೆ ಕಟ್ಟುವ ಪಟ್ಟಿ, ಮನೆಯಲ್ಲೇ ತೊಡಿಸಿ ಅಭ್ಯಾಸ ಮಾಡಿಸಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ತಪಾಸಣೆ ಮಾಡಿ ಅಂತ ಧೈರ್ಯವಾಗಿ ಕೇಳಿ. ಸಂಕೋಚ ಬೇಡ.

ಇಲ್ಲಿಗೆ ಬಂದ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಮೇಲಿನ ಅರ್ಧ ಪೂರ್ತಿ ಬಿಚ್ಚಿಕೊಳ್ಳುವಂಥದ್ದು ಕೊಳ್ಳಿ. ಅಂಗಡಿಯಲ್ಲಿ ಟ್ರಾನ್ಸ್‌ಪೋರ್ಟ್‌ಬಾಕ್ಸ್ ಅಂದರೆ ತೋರಿಸುತ್ತಾರೆ. ಡಾಕ್ಟರ ಹತ್ತಿರ ಬೆಕ್ಕನ್ನು ಎಳೆದು ತೆಗೆಯಬೇಕಾಗಿಲ್ಲ, ಮುಚ್ಚಳ ತೆಗೆದರೆ ಕೆಳಗಿನ ಅರ್ಧದಲ್ಲಿ ಕೂತೇ ನೋಡಿಸಿಕೊಳ್ಳುತ್ತದೆ. ಹಿಡಿಕೆ ಹಿಡಿದು ತರಕಾರಿ ಚೀಲದ ಹಾಗೆ ಬೀಸುತ್ತಾ ನಡೆಯಬೇಡಿ. ನಾನು ಮೊದಲ ಚಳಿಗಾಲದಲ್ಲಿ ಹಿಮದ ಮೇಲೆ ಹಾಗೇ ನಡೆದೆ, ಒಳಗೆ ಅವಳು ಆ ಕಡೆ ಈ ಕಡೆ ಜಾರುತ್ತಿದ್ದಳು. ಎರಡೂ ಕೈ ಕೆಳಗೆ ಕೊಟ್ಟು, ಎದೆಗೆ ಆನಿಸಿಕೊಂಡು ಎತ್ತಿ. ಕಾಯುವಾಗ ನೆಲಕ್ಕಿಡದೆ ಕುರ್ಚಿಯ ಮೇಲಿಡಿ, ಮೇಲೊಂದು ಟವೆಲ್ ಹೊದಿಸಿ. ನಾಯಿಗಳು ಕಾಣಬಾರದು. ಕಾರಿನಲ್ಲಿ ಬೆಲ್ಟ್ ಹಾಕಿ ಅಲುಗದಂತೆ ಬಿಗಿಯಬೇಕು. ಡಾಯ್ಚ ಬಾನ್ ರೈಲಿನಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿರುವ ಬೆಕ್ಕಿಗೆ ಟಿಕೆಟ್ ಬೇಡ. ಏನೇ ಆದರೂ ಬೀದಿಯಲ್ಲಿ, ಪ್ಲಾಟ್‌ಫಾರ್ಮಿನಲ್ಲಿ ಪೆಟ್ಟಿಗೆ ತೆರೆಯಬೇಡಿ. ಊರಲ್ಲಾದರೆ ಕಳೆದುಹೋದ ಬೆಕ್ಕು ಯಾರದೋ ಅಡುಗೆಮನೆಯ ಹಿಂದೆ ಸಿಗುತ್ತದೆ, ಮಕ್ಕಳು ಬಂದು ಹೇಳುತ್ತಾರೆ. ಇಲ್ಲಿ ನಮಗೆ ಯಾರ ಮನೆಯ ಹಿತ್ತಿಲೂ ಗೊತ್ತಿಲ್ಲ. ಬಂದ ವಾರವೇ, ಕಳೆದುಹೋದ ಸಾಕುಪ್ರಾಣಿಗಳನ್ನು ಹುಡುಕಿಕೊಡುವ ಟಾಸೋ ಸಂಸ್ಥೆಯಲ್ಲಿ ಚಿಪ್ ನಂಬರ್ ನೋಂದಾಯಿಸಿ, ದುಡ್ಡಿಲ್ಲ.

ನನ್ನ ದೊಡ್ಡ ತಪ್ಪು ಇನ್ನೂ ಹೇಳಿಲ್ಲ. ಅಮ್ಮ ತಮ್ಮದೊಂದು ಹಳೆ ಕಾಟನ್ ಸೀರೆ ಹರಿದು ಬ್ಯಾಗಿನೊಳಗೆ ಹಾಸಿದ್ದರು. ಹಸಿರು ಅಂಚಿನದು. ಅವರ ಮಂಚದ ಮೇಲೆ ಮಡಚಿಟ್ಟಿರುತ್ತಿದ್ದ ಆ ಸೀರೆಯ ಮೇಲೇ ಚುಕ್ಕಿ ವರ್ಷಗಟ್ಟಲೆ ಮಲಗಿದ್ದಳು. ದಾರಿಯುದ್ದಕ್ಕೂ ಮೂಗನ್ನು ಅದರ ಮಡಿಕೆಯಲ್ಲಿ ಹುದುಗಿಸಿಕೊಂಡೇ ಬಂದಳು. ಬಂದಿಳಿದ ಮರುದಿನ ನಾನು ಅದನ್ನು 60 ಡಿಗ್ರಿಯಲ್ಲಿ ತೊಳೆದುಬಿಟ್ಟೆ. ವಾಂತಿಯ ವಾಸನೆ ಇತ್ತು ಅನ್ನುವುದು ನಿಜ. ಆದರೆ ಒಂದು ಮೂಲೆ ಕತ್ತರಿಸಿ ಎತ್ತಿಡಬಹುದಿತ್ತು. ಆಮೇಲೆ ಒಂಬತ್ತು ದಿನ ಅವಳು ಸೋಫಾದ ಕೆಳಗಿನಿಂದ ಹೊರಗೆ ಬರಲಿಲ್ಲ. ನಾನೂ ಒಂದು ಸಂಜೆ ಆ ಬಟ್ಟೆಯನ್ನು ಮೂಗಿಗೆ ಹಿಡಿದು ನೋಡಿದೆ. ಬರೀ ಸೋಪಿನ ವಾಸನೆ. ಒಗ್ಗರಣೆಯ ಹೊಗೆ, ಅಮ್ಮನ ತಲೆಯ ಎಣ್ಣೆ, ಏನೂ ಇರಲಿಲ್ಲ. ಮನೆಯ ಬಟ್ಟೆ ಎರಡು ತನ್ನಿ. ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ, ತೊಳೆಯಬೇಡಿ.

ಮಕ್ಕಳಿರುವವರಿಗೆ ಇನ್ನೊಂದು ಮಾತು. ಪೆಟ್ಟಿಗೆಯ ಪಕ್ಕದಲ್ಲಿ ಮಗುವನ್ನು ಕೂರಿಸಿ. ನನ್ನ ಮಗಳು ನಾವು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ, ಗದರಿಸಿಯೂ ನೋಡಿದ್ದೇನೆ. ಚುಕ್ಕಿಯ ಜೊತೆ ಮಾತ್ರ ಕನ್ನಡವೇ. ರೈಲಿನಲ್ಲಿ ಜಾಲರಿಗೆ ಬೆರಳು ಕೊಟ್ಟು, "ಇಲ್ಲೇ ಇದೀನಿ ಕಣೇ, ಅಳಬೇಡ್ವೇ" ಅನ್ನುತ್ತಿರುತ್ತಾಳೆ. ನನ್ನ ಅಮ್ಮನ ಧಾಟಿಯೇ. ಫೋನಿನಲ್ಲಿ ಕೇಳಿ ಕಲಿತಿದ್ದು ಅಷ್ಟೇ. ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ಅವಳನ್ನು ಬಿಟ್ಟು ಹೋಗುವುದಿಲ್ಲ ನಾನು.

ಮುಂದಿನ ಗುರುವಾರ ಚುಕ್ಕಿಯ ಹಲ್ಲು ತೋರಿಸಬೇಕು. ಪೆಟ್ಟಿಗೆ ಎಂದಿನಂತೆ ಹೀಟರಿನ ಪಕ್ಕ ತೆರೆದೇ ಇದೆ. ಕೆಳಗೆ ಹಸಿರು ಅಂಚಿನ ತುಂಡು ಹಾಸಿದೆ, ಅದರ ತುಂಬ ಈಗ ಅವಳ ಕೂದಲು.