ಹವಳದ ತೊಟ್ಟಿಗೆ ಮನೆಯಲ್ಲೇ ಎಲ್‌ಇಡಿ ದೀಪ ಕಟ್ಟುವ ಕ್ರಮ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೀನುಗಳಷ್ಟೇ ಇದ್ದರೆ ಸಾಧಾರಣ ದೀಪವೂ ನಡೆಯುತ್ತದೆ, ಹವಳಗಳಿದ್ದರೆ ನಡೆಯುವುದಿಲ್ಲ. ಅಕ್ವೇರಿಯಂಗಳಲ್ಲಿ ಸಾಕುವ ಬಹುತೇಕ ಹವಳಗಳ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ನೆಲೆಸಿರುತ್ತವೆ. ಅವು ಬೆಳಕಿನಿಂದ ತಯಾರಿಸುವ ಆಹಾರವೇ ಹವಳದ ಮುಖ್ಯ ಆಧಾರ. ಸಮುದ್ರದ ನೀರು ಕೆಂಪು ಬೆಳಕನ್ನು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಬಿಡುವುದರಿಂದ, ಈ ಪಾಚಿಗಳು 400ರಿಂದ 480 ನ್ಯಾನೊಮೀಟರಿನ ನೀಲಿ ಬೆಳಕನ್ನು ಚೆನ್ನಾಗಿ ಬಳಸಿಕೊಳ್ಳುವಂತೆ ಒಗ್ಗಿಕೊಂಡಿವೆ.

ದೀಪ ಎಷ್ಟು ಪ್ರಖರವಾಗಿರಬೇಕೆಂಬುದು ಸಾಕುವ ಜೀವಿಯನ್ನು ಅವಲಂಬಿಸಿದೆ. ನಮ್ಮ ದೇಶದಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ನೇತ್ರಾಣಿಯಂಥ ದ್ವೀಪದ ಸುತ್ತಲಿನಿಂದ ಅದರ ಒಂದು ಚೂರನ್ನೂ ತರುವಂತಿಲ್ಲ, ತರಲೂಬಾರದು. ಮನೆಯ ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣುವ ಮೃದು ಹವಳ ಹಾಗೂ ಅಣಬೆ ಹವಳಗಳಿಗೆ ಪಾಚಿಗಳು ಬಳಸಬಲ್ಲ ಬೆಳಕನ್ನು ಅಳೆಯುವ ಪಾರ್ ಮೀಟರಿನಲ್ಲಿ 50ರಿಂದ 100ರಷ್ಟು ಬೆಳಕು ಸಾಕು. ಎಲ್‌ಇಡಿಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ, ಇರುವವನ್ನು ತಂಪಾಗಿಡುವುದಕ್ಕೆ ಹಣ ಮತ್ತು ಗಮನ ಕೊಡುವುದೇ ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ.

60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, ಅಷ್ಟೇ ಎತ್ತರದ ತೊಟ್ಟಿಗೆ 3 ವ್ಯಾಟ್‌ನ 24 ಎಲ್‌ಇಡಿಗಳು ಸಾಕಾಗುತ್ತವೆ. ಅವುಗಳಲ್ಲಿ 12 ರಾಯಲ್ ಬ್ಲೂ, 4 ನೇರಳೆ, 8 ಕೂಲ್ ವೈಟ್ ಇರಲಿ. ನಕ್ಷತ್ರಾಕಾರದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿದ ಎಲ್‌ಇಡಿಗಳನ್ನೇ ಕೊಳ್ಳಿ. ತಂತಿ ಜೋಡಣೆಯಲ್ಲಿ ರಾಯಲ್ ಬ್ಲೂ ದೀಪಗಳದು ಒಂದು ಸಾಲು, ಉಳಿದವುಗಳದು ಇನ್ನೊಂದು ಸಾಲು ಆಗುವಂತೆ ವಿಂಗಡಿಸಿದರೆ ಎರಡನ್ನೂ ಬೇರೆ ಬೇರೆಯಾಗಿ ಏರಿಳಿಸಬಹುದು. ಆದರೆ ಎಲ್‌ಇಡಿಗಳನ್ನು ಕೂರಿಸುವಾಗ ಎಲ್ಲ ಬಣ್ಣಗಳೂ ಪರಸ್ಪರ ಬೆರೆತಿರಬೇಕು, ಇಲ್ಲದಿದ್ದರೆ ಮರಳಿನ ಮೇಲೆ ಬಣ್ಣದ ಪಟ್ಟೆಗಳು ಬೀಳುತ್ತವೆ. ಒಂದೊಂದು ಎಲ್‌ಇಡಿಗೂ ಸುಮಾರು 3.2 ವೋಲ್ಟ್ ಬೇಕಾಗುವುದರಿಂದ 12ರ ಒಂದು ಸಾಲಿಗೆ 40 ವೋಲ್ಟ್‌ನ ಆಸುಪಾಸು ತಗಲುತ್ತದೆ. ಇದಕ್ಕೆ 48 ವೋಲ್ಟ್, 100 ವ್ಯಾಟ್‌ನ ಒಂದು ಎಸ್‌ಎಂಪಿಎಸ್ (ಮನೆಯ ವಿದ್ಯುತ್ತನ್ನು ಕಡಿಮೆ ವೋಲ್ಟಿನ ಡಿಸಿಯಾಗಿಸುವ ಪೆಟ್ಟಿಗೆ) ಮತ್ತು ಸಾಲಿಗೊಂದರಂತೆ 700 ಮಿಲಿಆಂಪಿಯರ್‌ನ ಸ್ಥಿರ ಕರೆಂಟಿನ ಡ್ರೈವರ್ (ಸಾಲಿಗೆ ಒಂದೇ ಸಮನೆ ಕರೆಂಟು ಕೊಡುವ ಸಾಧನ) ಹೊಂದುತ್ತವೆ. ಬೆಂಗಳೂರಿನವರಿಗೆ ಇವೆಲ್ಲ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಕೈಯಿಂದ ಮುಟ್ಟಿ ನೋಡಿಯೇ ಕೊಳ್ಳಲು ಸಿಗುತ್ತವೆ.

ಸುಮಾರು 45 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ, ಕಾವನ್ನು ಹೊರಹಾಕುವ ರೆಕ್ಕೆಗಳುಳ್ಳ ಅಲ್ಯೂಮಿನಿಯಂ ಹೀಟ್‌ಸಿಂಕ್ ತೆಗೆದುಕೊಂಡು ಅದರ ಸಮತಟ್ಟಾದ ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಬಿಲ್ಲೆಗಳನ್ನು ಕೂರಿಸುವ ಮೊದಲೇ ಅವುಗಳ ತುದಿಗಳಿಗೆ ಬೆಸುಗೆಯ ಸೀಸದ (ಸೋಲ್ಡರ್) ಹನಿ ಹಚ್ಚಿಟ್ಟುಕೊಳ್ಳಬೇಕು. ಹೀಟ್‌ಸಿಂಕಿಗೆ ಬಿಗಿದ ಮೇಲೆ ಅದು ಕಾವನ್ನೆಲ್ಲ ಎಳೆದುಕೊಳ್ಳುವುದರಿಂದ ಸೀಸ ಹರಿಯದೆ ಗಂಟುಗಟ್ಟುತ್ತದೆ, ಬೂದು ಬಣ್ಣದ ಆ ಒರಟು ಗಂಟು ಹೊರನೋಟಕ್ಕೆ ಹಿಡಿದಂತೆ ಕಂಡರೂ ಕೆಲವೇ ದಿನಗಳಲ್ಲಿ ಬಿಡುತ್ತದೆ. ಬಿಲ್ಲೆಯ ಕೆಳಗೆ ಥರ್ಮಲ್ ಪೇಸ್ಟನ್ನು ತೆಳ್ಳಗೆ ಸವರಿ, ನೈಲಾನ್ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರುವಂತೆ ತಂತಿ ಬೆಸೆಯುತ್ತ ಹೋಗಿ. ಬಳಿಕ ಕಂಟಿನ್ಯುಟಿ (ಬೀಪ್) ಸ್ಥಾನದಲ್ಲಿಟ್ಟ ಮಲ್ಟಿಮೀಟರಿನ ಒಂದು ಮೊನೆಯನ್ನು ಹೀಟ್‌ಸಿಂಕಿಗೂ ಇನ್ನೊಂದನ್ನು ಪ್ರತಿಯೊಂದು ಬೆಸುಗೆಗೂ ಮುಟ್ಟಿಸಿ ನೋಡಿ. ಎಲ್ಲಿಯೂ ಬೀಪ್ ಶಬ್ದ ಬರಕೂಡದು.

ಪ್ರತಿ ಸಾಲಿನ ಎರಡೂ ತುದಿಗಳು ಅದರದೇ ಡ್ರೈವರಿಗೆ ಮರಳಬೇಕು. ವಿದ್ಯುತ್ ಹರಿಯುತ್ತಿರುವ ಡ್ರೈವರಿಗೆ ಎಲ್‌ಇಡಿ ಸಾಲನ್ನು ಎಂದೂ ಜೋಡಿಸಬೇಡಿ, ಆ ಕ್ಷಣದ ಹೊಡೆತಕ್ಕೇ ಎಲ್‌ಇಡಿಗಳು ಸುಟ್ಟುಹೋಗಬಹುದು. ಮೊದಲ ಸಲ ಒಂದು ಗಂಟೆ ಉರಿಸಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಹೀಟ್‌ಸಿಂಕಿನ ಮೇಲೆ ಅಂಗೈ ಇಡಿ. ಕೆಲವು ಕ್ಷಣವೂ ಇಡಲಾಗದಷ್ಟು ಬಿಸಿಯಾಗಿದ್ದರೆ ಫ್ಯಾನ್ ಬೇಕೇ ಬೇಕು. ಉರಿಯುವ ನೀಲಿ, ನೇರಳೆ ಎಲ್‌ಇಡಿಗಳನ್ನು ದಿಟ್ಟಿಸಿ ನೋಡುವುದು ಕಣ್ಣಿಗೆ ಅಪಾಯ.

ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ, ಆದ್ದರಿಂದ ಸುರಕ್ಷತೆಯಲ್ಲಿ ಉಳಿತಾಯದ ಮಾತೇ ಬೇಡ. ಈ ಸರ್ಕ್ಯೂಟಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇರಬೇಕು ಮತ್ತು ಹೀಟ್‌ಸಿಂಕಿಗೆ ಅರ್ಥಿಂಗ್ ಕೊಟ್ಟಿರಬೇಕು. ಎಸ್‌ಎಂಪಿಎಸ್ ತೊಟ್ಟಿಯ ಮೇಲಲ್ಲ, ಪಕ್ಕದಲ್ಲಿ ದೂರವಿರಲಿ. ತಂತಿಯಿಳಿದು ಬರುವ ನೀರಹನಿ ಸಾಕೆಟ್ ತಲುಪದಂತೆ ವೈರನ್ನು ಸಾಕೆಟ್ಟಿಗಿಂತ ಕೆಳಕ್ಕೆ ಜೋತುಬಿಟ್ಟು ಮೇಲಕ್ಕೆ ತನ್ನಿ. ಎಲ್‌ಇಡಿಗಳ ಕೆಳಗೆ ಪಾರದರ್ಶಕ ಅಕ್ರಿಲಿಕ್ ಹಾಳೆ ಕೂರಿಸಿ, ಅದರ ಮೇಲೆ ಕೂರುವ ಬಿಳಿ ಉಪ್ಪನ್ನು ವಾರಕ್ಕೊಮ್ಮೆ ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ.

ದೀಪವನ್ನು ನೀರಿನಿಂದ 20–25 ಸೆಂ.ಮೀ. ಮೇಲೆ ತೂಗುಹಾಕಿ. ಪ್ರಖರತೆಯನ್ನು ಏರಿಳಿಸುವ ಪಿಡಬ್ಲ್ಯುಎಂ ಸೌಲಭ್ಯವಿರುವ ಡ್ರೈವರ್ ಆಗಿದ್ದರೆ ಶೇ. 30ರ ಪ್ರಖರತೆಯಿಂದ ಆರಂಭಿಸಿ, ಒಂದು ತಿಂಗಳ ಅವಧಿಯಲ್ಲಿ ನಿಧಾನವಾಗಿ ಏರಿಸಿ. ನೀಲಿ ಸಾಲು ದಿನಕ್ಕೆ 9 ಗಂಟೆ, ಬಿಳಿ–ನೇರಳೆ ಸಾಲು ಅದರ ನಡುವಿನ 6 ಗಂಟೆ ಉರಿದರೆ ಸಾಕು, ಟೈಮರ್ ಇದ್ದರೆ ಒಳ್ಳೆಯದು. ಹವಳ ಬಿಳಿಚಿಕೊಂಡು ಮುದುಡಿದರೆ ಬೆಳಕು ಹೆಚ್ಚಾಗಿದೆಯೇ ಎಂದು ಮೊದಲು ಅನುಮಾನಿಸಿ ತಗ್ಗಿಸಿ. ಕಂದುಗಟ್ಟಿ, ಬೆಳಕಿನತ್ತ ಉದ್ದಕ್ಕೆ ಚಾಚಿಕೊಳ್ಳುತ್ತಿದ್ದರೆ ಹೆಚ್ಚಿಸಿ. ಎರಡು ಬದಲಾವಣೆಗಳ ನಡುವೆ ಕನಿಷ್ಠ ಒಂದು ವಾರ ಕಾಯಬೇಕು, ಏಕೆಂದರೆ ಹೊಸ ಬೆಳಕಿಗೆ ಹೊಂದಿಕೊಳ್ಳಲು ಹವಳದೊಳಗಿನ ಪಾಚಿಗಳಿಗೆ ಅಷ್ಟು ಸಮಯ ಬೇಕಾಗುತ್ತದೆ.