ಅರಸೀಕೆರೆಯ ಬೋರ್‌ವೆಲ್ ಬಲ್ಲವರು ಹವಳದ ದ್ವೀಪದ ನೀರಿಗೆ ಕೈಹಾಕುವ ಮುನ್ನ

ಹಾಸನ, ಚಿಕ್ಕಮಗಳೂರು ಕಡೆ ಅಂತರ್ಜಲದ ಕೆಲಸವೆಂದರೆ ನೀರು ಹುಡುಕುವ ಕೆಲಸ. ಕಲ್ಲಿನಲ್ಲಿ ಬಿರುಕು ಎಲ್ಲಿದೆ, ಕೇಸಿಂಗ್ ಎಷ್ಟು ಅಡಿ ಇಳಿಯಬೇಕು, ಎಷ್ಟು ಇಂಚು ನೀರು ಬಿದ್ದೀತು ಎಂಬುದರ ಸುತ್ತಲೇ ಕಲಿಕೆಯೆಲ್ಲ ನಡೆಯುತ್ತದೆ. ಹವಳದ ದ್ವೀಪದಲ್ಲಿ ಹುಡುಕಾಟವೇ ಇಲ್ಲ. ಊರೊಳಗೆ ಎಲ್ಲಿ ತೋಡಿದರೂ ಎರಡು ಮೂರು ಮೀಟರಿಗೆ ನೀರು ಸಿಗುತ್ತದೆ. ಎಷ್ಟು ಎತ್ತಿದರೆ ಅದು ಉಪ್ಪಾಗದೆ ಉಳಿದೀತು ಎಂದು ಹೇಳುವುದೇ ಅಲ್ಲಿ ನಿಮ್ಮ ಕೆಲಸ. ಭೂವಿಜ್ಞಾನ ಓದಿ ಲಕ್ಷದ್ವೀಪಕ್ಕೋ ಮಾಲ್ಡೀವ್ಸ್‌ಗೋ ಪೆಸಿಫಿಕ್ ದ್ವೀಪಗಳಿಗೋ ಹೊರಡುವ ನಮ್ಮ ಕಡೆಯವರಿಗಾಗಿ ಈ ಬರಹ. ಇದರಲ್ಲಿ ಅರ್ಧ ಕೆಲಸವನ್ನು ಊರಿನಲ್ಲೇ ಕಲಿತುಕೊಳ್ಳಬಹುದು.

ಮೊದಲು ಸಿಹಿನೀರಿನ ಮಸೂರ

ದ್ವೀಪದ ಮೇಲೆ ಬಿದ್ದ ಮಳೆನೀರು ಮರಳಿಗಿಳಿದು, ಅಡಿಯಲ್ಲಿರುವ ಸಮುದ್ರದ ನೀರಿನ ಮೇಲೆ ತೇಲುತ್ತದೆ. ಅದರ ಆಕಾರ ಮಸೂರ ಬೇಳೆಯಂತೆ, ನಡುವೆ ದಪ್ಪ, ಅಂಚಿಗೆ ತೆಳು. ಸಿಹಿನೀರಿನ ಸಾಂದ್ರತೆ 1.000, ಸಮುದ್ರದ ನೀರಿನದು ಸುಮಾರು 1.025. ಈ ಚಿಕ್ಕ ವ್ಯತ್ಯಾಸದಿಂದ ಬರುವ ಲೆಕ್ಕ ಹೀಗಿದೆ: ಬಾವಿಯ ನೀರು ಸಮುದ್ರದ ಸರಾಸರಿ ಮಟ್ಟಕ್ಕಿಂತ 1 ಸೆಂ.ಮೀ. ಮೇಲಿದ್ದರೆ, ಆ ಮಟ್ಟದ ಕೆಳಗೆ 40 ಸೆಂ.ಮೀ. ಸಿಹಿನೀರು. ನೆದರ್ಲೆಂಡ್ಸ್‌ನ ಬಾಡನ್ ಗೈಬೆನ್ ಮತ್ತು ಜರ್ಮನಿಯ ಹೆರ್ಜ್‌ಬರ್ಗ್ 19ನೇ ಶತಮಾನದ ಕೊನೆಯಿಂದ 1901ರ ನಡುವೆ ಬೇರೆ ಬೇರೆಯಾಗಿ ಕಂಡುಕೊಂಡ ಸೂತ್ರವಿದು.

ಸೂತ್ರ ಎರಡು ಕಡೆ ಮೋಸ ಮಾಡುತ್ತದೆ. ಸಿಹಿ ಮತ್ತು ಉಪ್ಪಿನ ನಡುವೆ ಗೆರೆ ಎಳೆದಂಥ ಗಡಿ ಇರುವುದಿಲ್ಲ. ದಿನವೂ ಉಬ್ಬರ ಇಳಿತಗಳು ಕಲಕುವುದರಿಂದ ಹಲವು ಮೀಟರ್ ದಪ್ಪದ ಬೆರಕೆ ಪದರ ಇರುತ್ತದೆ. ಸಣ್ಣ ದ್ವೀಪದಲ್ಲಿ ಅದು ಸಿಹಿಪದರಕ್ಕಿಂತಲೂ ದಪ್ಪ ಇರಬಹುದು. ಎರಡನೆಯದು ಕೆಳಗಿನ ಕಲ್ಲು. ಮೇಲಿನ ಹವಳದ ಮರಳು ದಿನಕ್ಕೆ 5ರಿಂದ 20 ಮೀಟರ್ ನೀರು ಬಿಟ್ಟರೆ, 10ರಿಂದ 25 ಮೀಟರ್ ಆಳದಲ್ಲಿ ಸಿಗುವ ಹಳೆಯ ಸುಣ್ಣಕಲ್ಲು ಜೊಳ್ಳು ಜೊಳ್ಳಾಗಿದ್ದು ಅದರ ನೂರುಪಟ್ಟು ಬಿಟ್ಟೀತು. ಅಲ್ಲಿಗೆ ತಲುಪಿದ ಸಿಹಿನೀರು ಉಪ್ಪಿನಲ್ಲಿ ಕರಗಿಹೋಗುತ್ತದೆ, ಮಸೂರದ ತಳ ಅಲ್ಲಿಗೇ ಕತ್ತರಿಸಿದಂತೆ ನಿಲ್ಲುತ್ತದೆ. ಆಳಕ್ಕೆ ಹೋದರೆ ಒಳ್ಳೆಯ ನೀರು ಸಿಕ್ಕೀತು ಎಂಬ ನಮ್ಮ ಬಯಲುಸೀಮೆಯ ಲೆಕ್ಕಾಚಾರವನ್ನು ಹಡಗು ಹತ್ತುವ ಮೊದಲೇ ಬಿಟ್ಟುಬಿಡಬೇಕು.

ಮೀನಿನ ತೊಟ್ಟಿಯಲ್ಲಿ ದ್ವೀಪ

ಓದಿ ತಿಳಿಯುವುದಕ್ಕಿಂತ ಕಣ್ಣಾರೆ ನೋಡುವುದು ಲೇಸು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಗಾಜಿನ ತೊಟ್ಟಿ ಸಾಕು. ದಪ್ಪ ಮರಳನ್ನು ನೀರು ತಿಳಿಯಾಗುವ ತನಕ ತೊಳೆದು, ತೊಟ್ಟಿಯ ನಡುವೆ 20 ಸೆಂ.ಮೀ. ಎತ್ತರದ ದಿಬ್ಬ ಕಟ್ಟಿ. ದಿಬ್ಬ ಮುಂದಿನ ಗಾಜಿಗೂ ಹಿಂದಿನ ಗಾಜಿಗೂ ತಾಗಿಕೊಂಡಿರಬೇಕು, ಇಲ್ಲದಿದ್ದರೆ ಒಳಗೆ ಆಗುವುದು ಕಾಣುವುದಿಲ್ಲ. 15 ಲೀಟರ್ ನೀರಿಗೆ 525 ಗ್ರಾಂ ಉಪ್ಪು ಕರಗಿಸಿ, ನೀಲಿ ಬಣ್ಣ ಹಾಕಿ, ಎರಡೂ ಬದಿಯಿಂದ 12 ಸೆಂ.ಮೀ. ಮಟ್ಟಕ್ಕೆ ನಿಧಾನವಾಗಿ ತುಂಬಿಸಿ. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದ ಬಾಟಲಿಯಿಂದ ದಿಬ್ಬದ ನೆತ್ತಿಗೆ ಮಾತ್ರ ಅರ್ಧ ಗಂಟೆ ಸಿಹಿನೀರಿನ ಮಳೆ ಸುರಿಸಿ. ಬದಿಯಲ್ಲಿ ಮಟ್ಟ ಏರಿದಷ್ಟೂ ಸಣ್ಣ ಪೈಪಿನಲ್ಲಿ ಹೊರಗೆ ಎಳೆಯುತ್ತಿರಿ. ನೀಲಿ ಕೆಳಗಿಳಿದು ಬಣ್ಣವಿಲ್ಲದ ಮಸೂರ ಮೂಡುತ್ತದೆ.

ಈಗ ನೆತ್ತಿಯಲ್ಲಿ ಡ್ರಿಪ್ ನಳಿಕೆ ಇಳಿಸಿ, ಅದರ ತುದಿ ನೀರಿನ ಮಟ್ಟದ ಕೆಳಗೆ ಒಂದು ಸೆಂ.ಮೀ. ಇರಲಿ. 50 ಮಿ.ಲೀ. ಸಿರಿಂಜಿನಿಂದ ಒಮ್ಮೆ ಜೋರಾಗಿ ಎಳೆಯಿರಿ. ನೀಲಿ ನೀರು ಗೋಪುರದಂತೆ ಮೇಲೆದ್ದು ನಳಿಕೆಯ ಕಡೆಗೆ ಬರುತ್ತದೆ. ಮತ್ತೆ ಮಳೆ ಸುರಿಸಿ, ಈ ಸಲ ಅಷ್ಟೇ ನೀರನ್ನು ಹತ್ತು ನಿಮಿಷ ಹನಿಹನಿಯಾಗಿ ಎಳೆಯಿರಿ. ನೀಲಿ ಅಷ್ಟಾಗಿ ಏಳುವುದಿಲ್ಲ. ಜೋರಾಗಿ ಎಳೆದ ಜಾಗದಲ್ಲಿ ಗೋಪುರ ಇಳಿದ ಮೇಲೂ ತಿಳಿನೀಲಿ ಉಳಿದಿರುವುದನ್ನು ಗಮನಿಸಿ. ಒಮ್ಮೆ ಬೆರೆತದ್ದನ್ನು ಬೇರೆ ಮಾಡಲು ಆಗುವುದಿಲ್ಲ, ಮುಂದಿನ ಮಳೆಯೇ ತೊಳೆಯಬೇಕು. ದ್ವೀಪದ ಜನರಿಗೆ ವಿಷಯ ತಿಳಿಸಲೂ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಊರಿನ ಬಾವಿಗಳಲ್ಲಿ ಕೈ ಪಳಗಿಸಿಕೊಳ್ಳಿ

ಬೇಕಾದ ಸಾಮಾನು ಹೆಚ್ಚಿಲ್ಲ. ನೀರು ತಾಗಿದಾಗ ಸದ್ದು ಮಾಡುವ ಮಟ್ಟದ ಟೇಪು, ನೀರಿನ ವಿದ್ಯುತ್ ವಾಹಕತೆ (ಉಪ್ಪು ಹೆಚ್ಚಿದಷ್ಟೂ ಇದು ಏರುತ್ತದೆ) ಅಳೆಯುವ ಮೀಟರ್, ಎತ್ತರದ ವ್ಯತ್ಯಾಸ ಅಳೆಯುವ ಆಟೋ ಲೆವೆಲ್, ಒಂದು ಗಟ್ಟಿ ನೋಟ್‌ಬುಕ್. ವಾಹಕತೆಯ ಮೀಟರನ್ನು ದಿನವೂ ಎರಡು ದ್ರಾವಣದಲ್ಲಿ ಪರೀಕ್ಷಿಸಬೇಕು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 0.7456 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ 25 ಡಿಗ್ರಿಯಲ್ಲಿ 1,413 ಮೈಕ್ರೋಸೀಮೆನ್ಸ್ ತೋರಿಸಬೇಕು; 7.456 ಗ್ರಾಂ ಹಾಕಿದರೆ 12,880. ಊರಿನ ಬಾವಿಗೆ ಮೊದಲನೆಯದೇ ಸಾಕು. ದ್ವೀಪದಲ್ಲಿ ಎರಡೂ ಬೇಕು, ಏಕೆಂದರೆ ಸಮುದ್ರದ ನೀರು 50,000ದ ಆಸುಪಾಸಿಗೆ ಹೋಗುತ್ತದೆ.

ಕಡೂರು, ಅರಸೀಕೆರೆ ಸುತ್ತ ಉಳಿದಿರುವ ತೆರೆದ ಬಾವಿ, ಕಲ್ಯಾಣಿ, ಬೋರ್‌ವೆಲ್ ಸೇರಿಸಿ ಇಪ್ಪತ್ತು ಆರಿಸಿಕೊಂಡು ತಿಂಗಳಿಗೊಮ್ಮೆ ಮಟ್ಟ, ವಾಹಕತೆ ಬರೆಯಿರಿ. ಸಕಲೇಶಪುರ, ಮೂಡಿಗೆರೆ ಕಡೆಯ ನಾಲ್ಕೈದು ಬಾವಿ ಜೊತೆಗಿದ್ದರೆ ಮಳೆಗೆ ಬೇಗ ಏರುವ ನೀರಿಗೂ ನಿಧಾನವಾಗಿ ಏರುವ ನೀರಿಗೂ ಇರುವ ಅಂತರ ತಿಳಿಯುತ್ತದೆ. ಅಳೆಯುವ ಬಿಂದುವನ್ನು ಬಾವಿಯ ಕಟ್ಟೆಯ ಮೇಲೆ ಬಣ್ಣದಿಂದ ಗುರುತು ಮಾಡಿ. ಇವತ್ತು ಕಟ್ಟೆಯ ಈ ಬದಿ, ಮುಂದಿನ ತಿಂಗಳು ಆ ಬದಿಯಿಂದ ಅಳೆದರೆ ಮೂರು ಸೆಂ.ಮೀ. ತಪ್ಪು ಬಂದೇ ಬರುತ್ತದೆ. ಮುನ್ನೂರು ಅಡಿಯ ಬೋರ್‌ಗೆ ಅದು ಲೆಕ್ಕಕ್ಕಿಲ್ಲ. ದ್ವೀಪದಲ್ಲಿ ಅದೇ ಮೂರು ಸೆಂ.ಮೀ. ಸೂತ್ರದ ಪ್ರಕಾರ 1.2 ಮೀಟರ್ ಸಿಹಿನೀರನ್ನು ಹುಟ್ಟಿಸುತ್ತದೆ ಅಥವಾ ಅಳಿಸುತ್ತದೆ.

ದ್ವೀಪದಲ್ಲಿ ಮೊದಲ ವಾರಗಳು

ಲಕ್ಷದ್ವೀಪಕ್ಕೆ ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು, ಮೊದಲೇ ಮಾಡಿಸಿಕೊಳ್ಳಿ. ಹೆಚ್ಚಿನ ದ್ವೀಪಗಳಲ್ಲಿ ಮಲಯಾಳದ ಒಂದು ಬಗೆ, ಮಿನಿಕಾಯಲ್ಲಿ ಮಹಲ್ ಭಾಷೆ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದವು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನ ವ್ಯಾಪಾರದ ನಂಟು ಹಳೆಯದು. ಯಾವ ಬಾವಿ ಯಾವ ತಿಂಗಳಲ್ಲಿ ಸವುಳಾಗುತ್ತದೆ ಎಂಬುದನ್ನು ಮೀಟರಿಗಿಂತ ಮೊದಲು ಮನೆಯ ಹೆಂಗಸರನ್ನು ಕೇಳಿ. ಅವರ ನಾಲಗೆಗೆ ಹತ್ತಾರು ವರ್ಷದ ದಾಖಲೆ ಇರುತ್ತದೆ.

ಬಾವಿಗಳ ಪಟ್ಟಿ, ಪ್ರತಿ ಬಾವಿಯ ವಾಹಕತೆ ಮೊದಲ ಕೆಲಸ. ಆಮೇಲೆ ಆಟೋ ಲೆವೆಲ್‌ನಿಂದ ಎಲ್ಲ ಬಾವಿಗಳ ಎತ್ತರವನ್ನೂ ಒಂದೇ ಗುರುತಿಗೆ ಹೋಲಿಸಿ ಅಳೆಯಿರಿ. ಹೊರಟ ಜಾಗಕ್ಕೇ ಮರಳಿ ಬಂದಾಗ ವ್ಯತ್ಯಾಸ 5 ಮಿ.ಮೀ. ಮೀರಿದರೆ ಮತ್ತೆ ಮಾಡಿ. ಬಾವಿಯ ಮಟ್ಟ ಉಬ್ಬರದೊಡನೆ ಏರಿಳಿಯುವುದರಿಂದ ಒಂದು ಸಲದ ಅಳತೆಗೆ ಬೆಲೆಯಿಲ್ಲ. ಗಂಟೆಗೊಮ್ಮೆಯಂತೆ 25 ಗಂಟೆ ಅಳೆದು ಸರಾಸರಿ ತೆಗೆಯಬೇಕು. ದಡದಿಂದ ದೂರವಿದ್ದರೂ ಕೆಲವು ಬಾವಿ ಹೆಚ್ಚು ಕುಣಿಯುತ್ತವೆ, ಉಬ್ಬರದ ಒತ್ತಡ ಅಡಿಯ ಸುಣ್ಣಕಲ್ಲಿನ ಮೂಲಕ ನೇರವಾಗಿ ಮೇಲಕ್ಕೂ ಬರುವುದು ಅದಕ್ಕೆ ಕಾರಣ.

ಮಸೂರದ ದಪ್ಪ ತಿಳಿಯಲು ಬಾವಿಯ ಮಟ್ಟವೊಂದನ್ನೇ ನಂಬಬೇಡಿ. ದ್ವೀಪದ ನಡುಭಾಗದಲ್ಲಿ ಒಂದು ಬೋರ್ ಕೊರೆದು, ಅದರೊಳಗೆ 8 ಮಿ.ಮೀ. ಒಳವ್ಯಾಸದ ನೈಲಾನ್ ನಳಿಕೆಗಳನ್ನು 3, 6, 9, 12, 15, 18 ಮೀಟರಿಗೆ ಒಂದೊಂದಾಗಿ ಇಳಿಸಿ. ಪ್ರತಿ ನಳಿಕೆಯ ತುದಿಯ ಸುತ್ತ ಜಲ್ಲಿ, ಎರಡು ತುದಿಗಳ ನಡುವೆ ನೀರು ತಾಗಿದರೆ ಉಬ್ಬಿ ಬಿಗಿಯುವ ಬೆಂಟೋನೈಟ್ ಜೇಡಿ ತುಂಬಿ. ಈ ಜೇಡಿಯ ಬೆಣೆಯಲ್ಲಿ ಯಾರೂ ಉಳಿತಾಯ ಮಾಡಬಾರದು. ತೆರೆದ ಬೋರ್ ಬಿಟ್ಟರೆ ಉಬ್ಬರಕ್ಕೆ ಉಪ್ಪುನೀರು ಅದರೊಳಗೇ ಮೇಲೆ ಕೆಳಗೆ ಓಡಾಡಿ ಸುಳ್ಳು ಲೆಕ್ಕ ಕೊಡುತ್ತದೆ, ಮೇಲಿನ ಸಿಹಿನೀರಿಗೂ ಕೊಳೆ ತಾಗುತ್ತದೆ. ಮಾದರಿ ತೆಗೆಯುವಾಗ 18 ಮೀಟರ್ ನಳಿಕೆಯೊಳಗೆ ಸುಮಾರು 0.9 ಲೀಟರ್ ನೀರಿರುತ್ತದೆ. ಅದರ ಮೂರರಷ್ಟನ್ನು ನಿಧಾನವಾಗಿ ಎಳೆದು ಚೆಲ್ಲಿ, ಆಮೇಲೆ ಬಂದದ್ದನ್ನು ಅಳೆಯಿರಿ. ಮೂರು ತಿಂಗಳಿಗೊಮ್ಮೆ, ಬರಗಾಲದಲ್ಲಿ ತಿಂಗಳಿಗೊಮ್ಮೆ.

ಕ್ಲೋರೈಡ್ ಪರೀಕ್ಷೆಯನ್ನೂ ಜೊತೆಯಲ್ಲಿ ಮಾಡಿ. 50 ಮಿ.ಲೀ. ನೀರಿಗೆ ಪೊಟ್ಯಾಸಿಯಂ ಕ್ರೋಮೇಟ್ ಹನಿಸಿ, 0.0141 ನಾರ್ಮಲ್ ಸಾಂದ್ರತೆಯ ಸಿಲ್ವರ್ ನೈಟ್ರೇಟ್ ದ್ರಾವಣ ಬಿಡುತ್ತ ಬಂದರೆ ಹಳದಿ ಹೋಗಿ ಇಟ್ಟಿಗೆ ಕೆಂಪು ಛಾಯೆ ಬರುತ್ತದೆ. ಬಳಸಿದ ದ್ರಾವಣದ ಪ್ರತಿ ಮಿ.ಲೀ.ಗೆ, ನೀರಿನಲ್ಲಿ ಲೀಟರಿಗೆ 10 ಮಿ.ಗ್ರಾಂ. ಕ್ಲೋರೈಡ್ ಎಂದು ಲೆಕ್ಕ. ಭಾರತೀಯ ಮಾನಕದಲ್ಲಿ ಒಪ್ಪುವ ಮಿತಿ 250, ಬೇರೆ ಮೂಲವಿಲ್ಲದಿದ್ದರೆ 1,000. ಸಮುದ್ರದ ನೀರಿನಲ್ಲಿ ಸುಮಾರು 19,000 ಇರುವುದರಿಂದ, ಸಿಹಿನೀರಿಗೆ ನೂರಕ್ಕೆ ಎರಡು ಪಾಲು ಸಮುದ್ರ ಬೆರೆತರೂ 250 ದಾಟಿಬಿಡುತ್ತದೆ.

ಎಷ್ಟು ಎತ್ತಬಹುದು

ನಮ್ಮ ಗ್ನೈಸ್ ಕಲ್ಲಿನ ನೆಲಕ್ಕೆ ಮಳೆಯ ನೂರಕ್ಕೆ 8ರಿಂದ 11 ಭಾಗ ಇಂಗುತ್ತದೆಂದು ಲೆಕ್ಕ ಹಿಡಿಯುವುದು ರೂಢಿ. ಹವಳದ ಮರಳಿನಲ್ಲಿ ಅದು 25ರಿಂದ 50. ಆದರೆ ಇಂಗಿದ್ದೆಲ್ಲ ಎತ್ತಲು ಅಲ್ಲ, ಬಹುಪಾಲು ದಡದತ್ತ ಹರಿಯುತ್ತ ಉಪ್ಪನ್ನು ಹೊರಗೆ ತಳ್ಳುತ್ತಿರಬೇಕು. ಇಂಗಿದ್ದರ ಕಾಲುಭಾಗ ಮಾತ್ರ ಎತ್ತಲು ಎಂದು ಶುರುಮಾಡಿ.

ಒಂದು ಉದಾಹರಣೆ. ಮಸೂರ ಸರಿಯಾಗಿ ದಪ್ಪವಿರುವ ನಡುಭಾಗ 2.5 ಲಕ್ಷ ಚದರ ಮೀಟರ್, ಮಳೆ 1,600 ಮಿ.ಮೀ., ಇಂಗುವುದು ನೂರಕ್ಕೆ 30. ವರ್ಷಕ್ಕೆ 1,20,000 ಘನ ಮೀಟರ್ ಇಂಗಿತು, ಕಾಲುಭಾಗ 30,000. ದಿನಕ್ಕೆ ಸುಮಾರು 82,000 ಲೀಟರ್. ತಲೆಗೆ 55 ಲೀಟರಿನಂತೆ 1,500 ಜನರಿಗೆ ಬೇಕಾದ್ದು 82,500. ಕೂಡಿ ಕಳೆದು ಏನೂ ಉಳಿಯಲಿಲ್ಲ. ಮಳೆ ಕಡಿಮೆಯಾದ ವರ್ಷಕ್ಕೆ ಬೇರೆ ದಾರಿ ಇರಲೇಬೇಕು. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ ಆಳಸಮುದ್ರದ ತಣ್ಣೀರು ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕ ಬಂದದ್ದು ಇಂಥ ಒತ್ತಡದಿಂದಲೇ.

ಇನ್ನು ತೆಂಗು. ಅರಸೀಕೆರೆ ಸೀಮೆಯವರಿಗೆ ತೆಂಗಿನ ಬೇರು ಎಷ್ಟು ಕುಡಿಯುತ್ತದೆಂದು ಹೇಳಿಕೊಡಬೇಕಿಲ್ಲ. ದ್ವೀಪದಲ್ಲಿ ಆ ಬೇರು ನೇರವಾಗಿ ಮಸೂರಕ್ಕೇ ಇಳಿದಿರುತ್ತದೆ, ಮಳೆಯಿಲ್ಲದ ತಿಂಗಳಲ್ಲೂ ಎಳೆಯುತ್ತಿರುತ್ತದೆ. ಆದರೂ ಮರ ಕಡಿಯಿರಿ ಎಂದು ಸಲಹೆ ಕೊಡಬೇಡಿ, ಅದು ಅಲ್ಲಿಯವರ ಜೀವನ. ಇಂಗುವ ಪ್ರಮಾಣ ಹಿಡಿಯುವಾಗ ತೋಪು ದಟ್ಟವಾಗಿದ್ದ ಕಡೆ ಕಡಿಮೆ ಹಿಡಿಯಿರಿ.

ಎತ್ತುವ ರೀತಿ

ಒಂದೇ ಬಾವಿಗೆ ಸಬ್‌ಮರ್ಸಿಬಲ್ ಇಳಿಸಿ, ಕರೆಂಟ್ ಇದ್ದಾಗ ನಾಲ್ಕು ಗಂಟೆ ಎರಡಿಂಚು ನೀರು ಹೊಡೆಯುವ ನಮ್ಮ ಪದ್ಧತಿ ಅಲ್ಲಿ ವಿನಾಶಕ್ಕೆ ದಾರಿ. ಬಾವಿಯ ಮಟ್ಟ 5 ಸೆಂ.ಮೀ. ಇಳಿದರೆ ಅಡಿಯ ಉಪ್ಪು ಲೆಕ್ಕದಲ್ಲಿ 2 ಮೀಟರ್ ಏಳುತ್ತದೆ. ಅಡ್ಡಡ್ಡ ಹಾಸುವ ನಳಿಕೆಯೇ ಸರಿಯಾದ ಉಪಾಯ. ಪೆಸಿಫಿಕ್‌ನ ಕಿರಿಬಾಸ್ (ಕಿರಿಬಾಟಿ) ದೇಶದ ತರಾವಾದಲ್ಲಿ ಊರಿನ ನೀರು ಬರುವುದು ಇಂಥ ಹಾಸುನಳಿಕೆಗಳಿಂದಲೇ. ನೀರಿನ ಸರಾಸರಿ ಮಟ್ಟಕ್ಕಿಂತ 30ರಿಂದ 50 ಸೆಂ.ಮೀ. ಕೆಳಗೆ ಕಾಲುವೆ ತೋಡಿ, ಸೀಳು ಹಾಕಿದ 100 ಮಿ.ಮೀ. ಪಿವಿಸಿ ಪೈಪನ್ನು ಸಮಮಟ್ಟದಲ್ಲಿ ಹಾಸಿ, ಸುತ್ತ ತೊಳೆದ ಜಲ್ಲಿ ತುಂಬಿ ಮುಚ್ಚಬೇಕು. ನಡುವೆ ಒಂದು ಸಂಪ್, ಅದರಲ್ಲಿ ಚಿಕ್ಕ ಪಂಪು. ದಿನಕ್ಕೆ 20,000 ಲೀಟರ್ ಬೇಕಿದ್ದರೆ ಗಂಟೆಗೆ 1,000 ಲೀಟರಿನಂತೆ 20 ಗಂಟೆ ಓಡಲಿ. ಪಂಪಿನ ಹೀರುಬಾಯಿ ಪೈಪಿನ ಮಟ್ಟಕ್ಕಿಂತ ಕೆಳಗೆ ಹೋಗಬಾರದು, ಹೋದರೆ ಯಾರಾದರೂ ಒಂದು ದಿನ ದೊಡ್ಡ ಪಂಪು ತಂದು ಕೂರಿಸುತ್ತಾರೆ. ಹೀರುಬಾಯಿ ಮೇಲೆಯೇ ಇದ್ದರೆ ಅಂಥ ಪಂಪು ಗಾಳಿ ಎಳೆದು ತಾನೇ ನಿಲ್ಲುತ್ತದೆ.

ಕುಡಿಯಲು, ಅಡುಗೆಗೆ ಮಳೆನೀರೇ ಮೇಲು. 50 ಚದರ ಮೀಟರ್ ಚಾವಣಿಯಿಂದ 1 ಮಿ.ಮೀ. ಮಳೆಗೆ 40 ಲೀಟರ್ ಸಿಗುತ್ತದೆ. ಐದು ಜನರಿಗೆ ದಿನಕ್ಕೆ 100 ಲೀಟರ್, 120 ದಿನ ಮಳೆಯಿಲ್ಲವೆಂದರೆ 12,000 ಲೀಟರ್ ಟ್ಯಾಂಕು.

ಶೌಚದ ಗುಂಡಿಯ ಮಾತು ಯಾರಿಗೂ ಇಷ್ಟವಾಗುವುದಿಲ್ಲ, ಆದರೆ ಹೇಳದೆ ಬಿಡುವಂತಿಲ್ಲ. ಗುಂಡಿಯಿಂದ ಇಂಗಿದ್ದು ಮತ್ತು ಬಾವಿಯ ನೀರು ಒಂದೇ ಮಸೂರದೊಳಗಿವೆ. 30 ಮೀಟರ್ ಅಂತರ ಕನಿಷ್ಠ, ಹವಳದ ಮರಳಿನಲ್ಲಿ ಅದೂ ಖಾತರಿಯಲ್ಲ. ಗುಂಡಿ ಬಾವಿಗಿಂತ ದಡದ ಬದಿಗಿರಬೇಕು, ನೀರು ಸೋರದ ಟ್ಯಾಂಕ್ ಆಗಿರಬೇಕು. ನೈಟ್ರೇಟ್ 45 ಮಿ.ಗ್ರಾಂ. ದಾಟಿದ ಬಾವಿಯ ನೀರನ್ನು ಹಸುಗೂಸುಗಳಿಗೆ ಕೊಡಬಾರದು. ಕ್ಲೋರಿನ್‌ಗೆ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ, ಒಂದು ಗಂಟೆ ಹಾಗೇ ಬಿಡಿ. ಡಬ್ಬಿ ಹಳೆಯದಾದರೆ ಬಲ ಕುಗ್ಗಿರುತ್ತದೆ, ಉಳಿಕೆ ಕ್ಲೋರಿನ್ ಪರೀಕ್ಷಿಸಿಯೇ ನಂಬಿ.

ಸಮುದ್ರ ನುಗ್ಗಿದಾಗ

ಚಂಡಮಾರುತದ ಅಲೆ ದ್ವೀಪದ ಮೇಲೆ ಹರಿದರೆ ಉಪ್ಪು ಮೇಲಿಂದಲೇ ಮಸೂರಕ್ಕೆ ಇಳಿಯುತ್ತದೆ. ಬಾವಿ ಬರಿದುಮಾಡಿ ತೊಳೆಯೋಣ ಎಂಬುದೇ ಎಲ್ಲರಿಗೂ ಮೊದಲು ತೋಚುವ ಉಪಾಯ. 2004ರ ಸುನಾಮಿಯ ಬಳಿಕ ಶ್ರೀಲಂಕಾದ ಪೂರ್ವ ಕರಾವಳಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಿದ್ದು ಕೆಲವು ಕಡೆ ಹಾನಿಯನ್ನೇ ಹೆಚ್ಚಿಸಿತು. ಬಾವಿಯೊಳಗೆ ನಿಂತ ಉಪ್ಪುನೀರನ್ನು ಒಮ್ಮೆ ನಿಧಾನವಾಗಿ ತೆಗೆದು, ಕಸ ಎತ್ತಿ, ಅಷ್ಟಕ್ಕೇ ನಿಲ್ಲಿಸಿ. ಕುಕ್ ದ್ವೀಪಗಳ ಪುಕಾಪುಕಾದಲ್ಲಿ 2005ರ ಪರ್ಸಿ ಚಂಡಮಾರುತದ ನಂತರ ನೀರು ಕುಡಿಯುವಂತಾಗಲು ವರ್ಷದ ಹತ್ತಿರ ಹಿಡಿಯಿತು. ಅಷ್ಟು ದಿನಕ್ಕೆ ಸಾಲುವ ಮಳೆನೀರಿನ ಏರ್ಪಾಡು ಮೊದಲೇ ಇರಬೇಕು.

ಪಂಪ್ ನೋಡಿಕೊಳ್ಳುವವರ ಕೈಗೆ ಮೂರು ಅಂಕಿ ಬರೆದುಕೊಡಿ: ವಾಹಕತೆ 1,500 ಆದರೆ ವಾರಕ್ಕೊಮ್ಮೆ ಅಳೆಯುವುದು, 2,000ಕ್ಕೆ ಪಂಪಿನ ಗಂಟೆ ಅರ್ಧಕ್ಕಿಳಿಸುವುದು, 2,500ಕ್ಕೆ ನಿಲ್ಲಿಸಿ ಬೇರೆ ಹಾಸುನಳಿಕೆಗೆ ಬದಲಾಯಿಸುವುದು. ಅಂಕಿಗಳನ್ನು ಸಂಪಿನ ಮುಚ್ಚಳದ ಒಳಬದಿಯಲ್ಲಿ ಅಲ್ಲಿಯ ಲಿಪಿಯಲ್ಲೇ ಬರೆಸಿ. ನೋಟ್‌ಬುಕ್ಕಿನ ಒಂದು ಪ್ರತಿ ಪಂಪ್‌ಮನೆಯಲ್ಲಿ, ಇನ್ನೊಂದು ಶಾಲೆಯಲ್ಲಿ ಇರಲಿ.