ಗೆರೆಗೂ ದಪ್ಪವಿದೆ: ವಾಸ್ತುಶಿಲ್ಪದ ಓದು ಮತ್ತು ಕೆಲಸದ ಮೊದಲ ಎರಡು ವರ್ಷ

ವಾಸ್ತುಶಿಲ್ಪದ ಐದು ವರ್ಷಗಳ ಓದಿನಲ್ಲಿ ಎಷ್ಟು ಹಾಳೆ ನಕ್ಷೆ ಬರೆದೆನೋ ನಾನು ಲೆಕ್ಕವಿಟ್ಟಿಲ್ಲ. ಆದರೆ ಅವುಗಳಲ್ಲಿ ಒಂದನ್ನಾದರೂ ನೋಡಿಕೊಂಡು ಯಾರೂ ಒಂದು ಇಟ್ಟಿಗೆ ಕೂಡ ಇಟ್ಟಿರಲಿಲ್ಲ ಎಂಬುದು ಕೆಲಸಕ್ಕೆ ಸೇರಿದ ಮೇಲೆಯೇ ನನ್ನ ಅರಿವಿಗೆ ಬಂತು. ಕಾಲೇಜಿನ ನಕ್ಷೆಯನ್ನು ಓದುವವರು ವಿನ್ಯಾಸಗಳನ್ನು ಪರೀಕ್ಷಿಸುವ ಜ್ಯೂರಿಯಲ್ಲಿ ಕುಳಿತ ಅಧ್ಯಾಪಕರು. ಅವರಿಗೆ ವಿನ್ಯಾಸದ ಹಿಂದಿನ ವಿಚಾರ ತಿಳಿದರೆ ಸಾಕು, ಬಿಟ್ಟುಹೋದದ್ದನ್ನು ತಮ್ಮ ಅನುಭವದಿಂದ ತುಂಬಿಕೊಳ್ಳುತ್ತಾರೆ. ಸೈಟಿನಲ್ಲಿ ಬಿಟ್ಟುಹೋದದ್ದನ್ನು ಕಾಂಕ್ರೀಟು ತುಂಬಿಕೊಳ್ಳುತ್ತದೆ. ಇದನ್ನು ನನಗೆ ಕಲಿಸಿದ್ದು ಒಂದು ಮೆಟ್ಟಿಲ ಸಾಲು. ಅದಕ್ಕೆ ಬರುವ ಮೊದಲು ಕಾಲೇಜಿನ ಎರಡು ವಿನ್ಯಾಸಗಳ ಬಗ್ಗೆ ಹೇಳಬೇಕು, ಏಕೆಂದರೆ ಒಂದರಲ್ಲಿ ಸರಿಯಾಗಿ ಕಲಿತ ಪಾಠವನ್ನೇ ಇನ್ನೊಂದರಲ್ಲಿ ನಾನು ಪೂರ್ತಿ ಮರೆತಿದ್ದೆ.

ಮೂರನೆಯ ವರ್ಷದಲ್ಲಿ ನಮಗೆ ಮೂವತ್ತು ಹಾಸಿಗೆಗಳ ಆರೋಗ್ಯ ಕೇಂದ್ರವೊಂದನ್ನು ವಿನ್ಯಾಸ ಮಾಡಲು ಕೊಟ್ಟಿದ್ದರು. ನಾನು ಮೂರು ವಾರ ಪ್ಲಾನಿನಲ್ಲೇ ಮುಳುಗಿದ್ದೆ. ಬಿಲ್ಲಿನಂತೆ ಬಾಗಿದ ಓಣಿ, ಅದರ ಒಂದು ಬದಿಗೆ ವಾರ್ಡುಗಳು, ಇನ್ನೊಂದು ಬದಿಗೆ ಅಂಗಳ; ಮೇಲಿನಿಂದ ನೋಡಿದರೆ ಬಹಳ ಚೆನ್ನಾಗಿತ್ತು. ನಮ್ಮ ಅಧ್ಯಾಪಕಿ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ರೋಗಿಗೆ ಇದರಲ್ಲಿ ಏನು ಕಾಣುತ್ತದೆ ಎಂದು ಕೇಳಿದರು. ನಾನು ಎಲಿವೇಷನ್, ಅಂದರೆ ಕಟ್ಟಡದ ಹೊರನೋಟದ ನಕ್ಷೆ, ತೋರಿಸಿದೆ. ಅವರು ತಲೆಯಾಡಿಸಿ, "ಆ ಮೇಜಿನ ಮೇಲೆ ಮಲಗಿ ನೋಡಮ್ಮ" ಎಂದರು. ಸಂಕೋಚದಿಂದಲೇ ಸ್ಟುಡಿಯೋದ ಮೇಜಿನ ಮೇಲೆ ಅಂಗಾತ ಮಲಗಿದೆ. ಟ್ಯೂಬ್‌ಲೈಟ್ ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಕಿಟಕಿಯಲ್ಲಿ ಬರಿಯ ಆಕಾಶ, ಅದೂ ಬಿಳಿಚಿಕೊಂಡದ್ದು. ನಾನು ಬರೆದಿದ್ದ ಮೂವತ್ತು ಹಾಸಿಗೆಗಳಲ್ಲಿ ಪ್ರತಿಯೊಂದರ ಮೇಲೂ ಒಬ್ಬರು ಹೀಗೆಯೇ ದಿನಗಟ್ಟಲೆ ಮಲಗಿರುತ್ತಾರೆ ಎಂಬುದು ಆಗ ಹೊಳೆಯಿತು.

ಆ ವಾರ ಗ್ರಂಥಾಲಯದಲ್ಲಿ ಓದಿದ್ದು ಆಲ್ವಾರ್ ಆಲ್ಟೊ ಫಿನ್ಲೆಂಡಿನಲ್ಲಿ ವಿನ್ಯಾಸ ಮಾಡಿದ, 1933ರಲ್ಲಿ ಮುಗಿದ ಪೈಮಿಯೊ ಕ್ಷಯರೋಗ ಚಿಕಿತ್ಸಾಲಯದ ಬಗ್ಗೆ. ನಡೆದಾಡುವವರನ್ನಲ್ಲ, ಮಲಗಿರುವವರನ್ನು ಲೆಕ್ಕಕ್ಕೆ ಹಿಡಿದು ಅಲ್ಲಿನ ಕೋಣೆಗಳನ್ನು ರೂಪಿಸಲಾಗಿದೆ. ಮೇಲ್ಛಾವಣಿಗೆ ಕಣ್ಣಿಗೆ ತಂಪಾದ ಹಸಿರು ಛಾಯೆ ಬಳಿದಿದ್ದಾರೆ, ದೀಪವನ್ನು ರೋಗಿಯ ನೋಟಕ್ಕೆ ಬೀಳದಂತೆ ಇಟ್ಟಿದ್ದಾರೆ, ಒಬ್ಬರು ಕೈ ತೊಳೆಯುವಾಗ ಪಕ್ಕದವರ ನಿದ್ದೆ ಕೆಡಬಾರದೆಂದು ನೀರು ಸದ್ದಿಲ್ಲದೆ ಬೀಳುವ ಓರೆಯಲ್ಲಿ ಬೇಸಿನ್ ಮಾಡಿದ್ದಾರೆ. ನಾನು ಪ್ಲಾನನ್ನು ಬದಿಗಿಟ್ಟು ಒಂದೇ ಒಂದು ವಾರ್ಡಿನ ಸೆಕ್ಷನ್ನನ್ನು, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ನಕ್ಷೆಯನ್ನು, 1:20ರ ಪ್ರಮಾಣದಲ್ಲಿ, ನಿಜ ಅಳತೆಯ ಇಪ್ಪತ್ತನೆಯ ಒಂದು ಭಾಗದಷ್ಟು ದೊಡ್ಡದಾಗಿ, ಬರೆಯಲು ಕುಳಿತೆ. ಹಾಸಿಗೆಯ ಎತ್ತರ 550 ಮಿ.ಮೀ. ಎಂದಿಟ್ಟುಕೊಂಡರೆ, ದಿಂಬಿನ ಮೇಲೆ ತಲೆಯಿಟ್ಟವರ ಕಣ್ಣು ಸುಮಾರು 700ರಲ್ಲಿರುತ್ತದೆ. ನಾನು ಅಭ್ಯಾಸಬಲದಿಂದ ಎಲ್ಲೆಡೆ ಕೊಟ್ಟಿದ್ದ 900ರ ಕಿಟಕಿ ಕಟ್ಟೆ ಅವರಿಗೆ ಗೋಡೆಯಷ್ಟೇ. ಕಟ್ಟೆಯನ್ನು 600ಕ್ಕೆ ಇಳಿಸಿದೆ. ತಗ್ಗಿದ ಕಿಟಕಿಯಿಂದ ಯಾರಾದರೂ ಬಿದ್ದರೆ ಗತಿಯೇನು ಎಂದು ಜ್ಯೂರಿ ಕೇಳುವುದು ಖಚಿತವಿದ್ದುದರಿಂದ, ಕೆಳಗಿನ ಭಾಗವನ್ನು ತೆರೆಯಲಾಗದ ಗಟ್ಟಿ ಗಾಜನ್ನಾಗಿ ಮಾಡಿ, ತೆರೆಯುವ ಬಾಗಿಲನ್ನು ಮೇಲಕ್ಕೆ ಇಟ್ಟೆ. ಬಿಲ್ಲಿನಂಥ ಓಣಿ ಉಳಿಯಿತು, ಆದರೆ ಅದನ್ನು ಯಾರೂ ಮಾತನಾಡಿಸಲಿಲ್ಲ; ಜ್ಯೂರಿ ಇಡೀ ಹೊತ್ತು ನಿಂತದ್ದು ಆ ಸೆಕ್ಷನ್ನಿನ ಮುಂದೆ.

ನಾಲ್ಕನೆಯ ವರ್ಷದ ವಿನ್ಯಾಸಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ದೊಡ್ಡ ಕಟ್ಟಡ, ಸಣ್ಣ ಪ್ರಮಾಣ, ಬಣ್ಣಬಣ್ಣದ ಕಂಪ್ಯೂಟರ್ ಚಿತ್ರಗಳು.

ಐದನೆಯ ವರ್ಷದ ಥೀಸಿಸ್‌ಗೆ ಸಂಶೋಧನಾ ಪ್ರಯೋಗಾಲಯವನ್ನು ಆರಿಸಿಕೊಂಡೆ. ಇದಕ್ಕೆ ಕಾರಣ, ನಿಜ ಹೇಳಬೇಕೆಂದರೆ, ಕ್ಯಾಲಿಫೋರ್ನಿಯಾದಲ್ಲಿ ಲೂಯಿ ಕಾನ್ ಕಟ್ಟಿದ ಸಾಲ್ಕ್ ಸಂಸ್ಥೆಯ ಅಂಗಳದ ಛಾಯಾಚಿತ್ರ. 1965ರಲ್ಲಿ ಮುಗಿದ ಆ ಕಟ್ಟಡದ ಎರಡು ಸಾಲುಗಳ ನಡುವೆ ಒಂದೂ ಮರವಿಲ್ಲದ ಕಲ್ಲಿನ ಅಂಗಳ, ಅದರ ಮಧ್ಯೆ ಕಡಲಿನತ್ತ ಹರಿಯುವ ತೆಳ್ಳನೆಯ ನೀರಿನ ಗೆರೆ. ಅಲ್ಲಿ ತೋಟ ಮಾಡಬೇಕೆಂಬ ಯೋಚನೆಯಿದ್ದಾಗ, ಬೇಡ, ಖಾಲಿ ಬಿಡಿ ಎಂದು ಕಾನ್‌ಗೆ ಹೇಳಿದವರು ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿಸ್ ಬರಗಾನ್. ನಾನೂ ಒಂದು ಖಾಲಿ ಅಂಗಳ ಮಾಡಿದೆ, ನೀರಿನ ಗೆರೆಯನ್ನೂ ಎಳೆದೆ. ಸಾಲ್ಕ್ ಕಟ್ಟಡದ ನಿಜವಾದ ಜಾಣತನ ಇರುವುದು ಛಾಯಾಚಿತ್ರದಲ್ಲಿ ಕಾಣದ ಕಡೆ: ಅಲ್ಲಿ ಪ್ರತಿಯೊಂದು ಪ್ರಯೋಗಾಲಯದ ಮಹಡಿಯ ಮೇಲೂ ಪೈಪು, ಗಾಳಿಕೊಳವೆ, ವಿದ್ಯುತ್ ತಂತಿಗಳಿಗಾಗಿಯೇ ಆಳೆತ್ತರಕ್ಕಿಂತ ಹೆಚ್ಚಿನ, ಸುಮಾರು 2.7 ಮೀಟರಿನ ಒಂದು ಪ್ರತ್ಯೇಕ ಅಂತಸ್ತು ಇದೆ. ವಿಜ್ಞಾನಿಗಳ ಅಗತ್ಯ ಬದಲಾದಾಗ ಕೆಲಸದವರು ಆ ಅಂತಸ್ತಿನಲ್ಲಿ ಓಡಾಡಿ ಪೈಪು ಬದಲಿಸುತ್ತಾರೆ, ಕೆಳಗಿನ ಕೆಲಸ ನಿಲ್ಲುವುದಿಲ್ಲ. ಇದನ್ನು ನಾನು ಓದಿದ್ದೆ, ಥೀಸಿಸ್ ವರದಿಯಲ್ಲಿ ಒಂದು ಪುಟ ಬರೆದೂ ಇದ್ದೆ, ಆದರೆ ನನ್ನ ಸೆಕ್ಷನ್ನಿನಲ್ಲಿ ಮಹಡಿಯೆಂದರೆ ಒಂದು ದಪ್ಪ ಗೆರೆ ಮಾತ್ರವಾಗಿತ್ತು. ಬೀಮ್ ಇರಲಿಲ್ಲ, ಪೈಪು ಇರಲಿಲ್ಲ. ಥೀಸಿಸ್‌ಗೆ ಒಳ್ಳೆಯ ಅಂಕವೇ ಬಂತು.

ಆ ಗೆರೆಯ ಬಗ್ಗೆ ಮೊದಲು ಕೇಳಿದವರು ಸಂದರ್ಶನದಲ್ಲಿ ನನ್ನ ಪೋರ್ಟ್‌ಫೋಲಿಯೊ ತಿರುವಿದ ಹಿರಿಯ ಆರ್ಕಿಟೆಕ್ಟ್. ಚಿತ್ರಗಳ ಪುಟಗಳನ್ನು ಅವರು ಒಂದೊಂದೇ ಕ್ಷಣ ನೋಡಿ ಮಗುಚಿದರು. ಥೀಸಿಸ್ಸಿನ ಸೆಕ್ಷನ್ ಬಂದಾಗ ನಿಂತು, "ಮೇಲಿನ ಮಹಡಿಯ ಸಿಂಕಿನ ನೀರು ಎಲ್ಲಿಂದ ಇಳಿಯುತ್ತದೆ?" ಎಂದು ಪೆನ್ಸಿಲಿನ ತುದಿಯನ್ನು ಅದರ ಮೇಲಿಟ್ಟರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಅದನ್ನು ದೊಡ್ಡದು ಮಾಡದೆ ಹಿಂದಕ್ಕೆ ಹೋಗಿ ಆರೋಗ್ಯ ಕೇಂದ್ರದ ವಾರ್ಡಿನ ಸೆಕ್ಷನ್ನನ್ನು ಎರಡನೆಯ ಬಾರಿ ನೋಡಿದರು. ಕೆಲಸ ಸಿಕ್ಕಿದ್ದು ಆ ಪುಟದಿಂದ ಎಂದು ನನ್ನ ನಂಬಿಕೆ. ಕಿರಿಯರು ಪೋರ್ಟ್‌ಫೋಲಿಯೊ ತೋರಿಸಿ ಅಭಿಪ್ರಾಯ ಕೇಳಿದಾಗ, ಹತ್ತು ವಿನ್ಯಾಸಗಳನ್ನು ತುರುಕುವ ಬದಲು ಮೂರನ್ನು ಇಟ್ಟು, ಒಂದರದ್ದಾದರೂ 1:20ರ ಸೆಕ್ಷನ್ ಸೇರಿಸಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಕೆಲಸದ ಮೊದಲ ಕೆಲವು ತಿಂಗಳು ವಿನ್ಯಾಸವೆಂಬುದು ನನ್ನ ಮೇಜಿಗೆ ಬರಲೇ ಇಲ್ಲ. ಬಾಗಿಲು ಕಿಟಕಿಗಳ ಪಟ್ಟಿ ಮಾಡುವುದು, ಪ್ಲಾನಿನಲ್ಲಿರುವ ಸಂಖ್ಯೆಗೂ ಪಟ್ಟಿಯಲ್ಲಿರುವ ಸಂಖ್ಯೆಗೂ ತಾಳೆ ನೋಡುವುದು, ಸ್ಟ್ರಕ್ಚರಲ್ ಎಂಜಿನಿಯರ್ ಕಳಿಸಿದ ಬೀಮ್ ನಕ್ಷೆಯನ್ನು ನಮ್ಮದರ ಮೇಲಿಟ್ಟು ಎಲ್ಲಿ ಬೀಮ್ ಬಾಗಿಲಿನ ತಲೆಗೆ ಬಂದು ಕುಳಿತಿದೆ ಎಂದು ಹುಡುಕುವುದು, ಹೀಗೆ. ಬೇಸರವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಸ್ನಾನಗೃಹಗಳ ನಕ್ಷೆ ಕೈಗೆ ಬಂದಾಗ ಮಾತ್ರ ಸ್ವಲ್ಪ ಎಚ್ಚರವಾಯಿತು. ಪ್ಲಾನಿನಲ್ಲಿ 1500 ಮಿ.ಮೀ. ಅಗಲವೆಂದು ಬರೆದ ಕೋಣೆ, ಎರಡೂ ಗೋಡೆಗೆ ಗಾರೆ ಮೆತ್ತಿ ಟೈಲ್ ಅಂಟಿಸಿದ ಮೇಲೆ ಬದಿಗೆ 25ರಂತೆ ಕಡಿಮೆಯಾಗಿ 1450 ಆಗುತ್ತದೆ. ಕಮೋಡು, ಬೇಸಿನ್, ಷವರ್ ಎಲ್ಲವೂ ಕೂರಬೇಕಾದದ್ದು 1450ರಲ್ಲಿ. ಇದನ್ನು ತಿದ್ದಿಕೊಂಡು, ಇನ್ನು ಮುಂದೆ ತಪ್ಪುವುದಿಲ್ಲ ಎಂದುಕೊಂಡೆ. ಗೋಡೆಯ ದಪ್ಪ ಕಲಿತೆ, ನೆಲದ ದಪ್ಪ ಕಲಿಯಲಿಲ್ಲ.

ಎಂಟನೆಯ ತಿಂಗಳಿನಲ್ಲಿ ಮೂರು ಅಂತಸ್ತಿನ ಕಚೇರಿ ಕಟ್ಟಡವೊಂದರ ಮೆಟ್ಟಿಲಿನ ನಕ್ಷೆಯನ್ನು ನನಗೇ ಒಪ್ಪಿಸಿದರು. ಸ್ಲ್ಯಾಬಿನ ಮೇಲ್ಮೈಯಿಂದ ಮುಂದಿನ ಸ್ಲ್ಯಾಬಿನ ಮೇಲ್ಮೈಗೆ 3150 ಮಿ.ಮೀ. ಅದನ್ನು 21 ರೈಸರುಗಳಾಗಿ, ಅಂದರೆ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಏರುವ ಎತ್ತರಗಳಾಗಿ, ಭಾಗಿಸಿದರೆ ಒಂದೊಂದೂ ಸರಿಯಾಗಿ 150. ಕಾಲಿಡುವ ಅಗಲ 300. ಎರಡು ರೈಸರಿನ ಎತ್ತರಕ್ಕೆ ಒಂದು ಮೆಟ್ಟಿಲಿನ ಅಗಲ ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯ ಉದ್ದ ಬರಬೇಕು ಎಂಬುದು 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲೋಂಡೆಲ್ ಕೊಟ್ಟ ಸೂತ್ರ, ಈಗಲೂ ಎಲ್ಲರೂ 600ರಿಂದ 640ರ ಆಸುಪಾಸಿನಲ್ಲಿ ಅದನ್ನು ಬಳಸುತ್ತಾರೆ. ನನ್ನದು ಸರಿಯಾಗಿ 600. ಇಷ್ಟು ಶುದ್ಧವಾದ ಲೆಕ್ಕ ಬಂದದ್ದಕ್ಕೆ ಹೆಮ್ಮೆಪಟ್ಟು ನಕ್ಷೆ ಕಳಿಸಿದೆ. ಮೊದಲ ಅಂತಸ್ತಿನ ಮೆಟ್ಟಿಲಿಗೆ ಕಾಂಕ್ರೀಟು ಬಿತ್ತು, ಅದಕ್ಕೆ ಅಚ್ಚಾಗಿದ್ದ ಹಲಗೆಗಳ ಸೆಂಟ್ರಿಂಗ್ ಬಿಚ್ಚಿದರು, ಕೆಲವು ವಾರಗಳ ಮೇಲೆ ಕಲ್ಲು ಹಾಸುವ ಕೆಲಸ ಶುರುವಾಯಿತು.

ಅಂದು ಸೈಟಿಗೆ ಹೋದಾಗ ಮೇಸ್ತ್ರಿ ನನ್ನನ್ನು ಮೆಟ್ಟಿಲಿನ ಬುಡಕ್ಕೆ ಕರೆದರು. ಗೋಡೆಯ ಮೇಲೆ ಲೆವೆಲ್ ಪೈಪಿನಿಂದ ಹಿಡಿದು ಎಳೆದ ನೀಲಿ ದಾರದ ಗುರುತು ಇತ್ತು. ನೆಲದ ಕಲ್ಲು ಅಲ್ಲಿಗೆ ಬಂದು ನಿಲ್ಲುತ್ತದೆ ಎಂದು ತೋರಿಸಿದರು. ವಿದ್ಯುತ್ ಪೈಪುಗಳು ನೆಲದಡಿ ಹೋಗುತ್ತಿದ್ದುದರಿಂದ ಗಾರೆಯೂ ಕಲ್ಲೂ ಸೇರಿ ನೆಲಕ್ಕೆ 75 ಮಿ.ಮೀ. ದಪ್ಪ. ಮೆಟ್ಟಿಲಿಗೆ 20 ಗಾರೆ, 20 ಕಲ್ಲು, ಒಟ್ಟು 40. ಅವರು ಮಾತು ಬೆಳೆಸದೆ, ಮೊದಲ ಮೆಟ್ಟಿಲಿನ ಮೇಲೆ ಎರಡು ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಟೇಪು ಹಿಡಿದರು: ನೀಲಿ ಗುರುತಿನಿಂದ 115. "ಮೇಲೆ ಹೋಗಿ ಕೊನೆಯದನ್ನೂ ಅಳೆದುಬಿಡಿ ಮೇಡಂ" ಎಂದರು. ಅಳೆಯುವ ಅಗತ್ಯವಿರಲಿಲ್ಲ, ಏರುವಾಗಲೇ ಲೆಕ್ಕ ಹಾಕಿಕೊಂಡಿದ್ದೆ. ಅಲ್ಲಿ ಮೆಟ್ಟಿಲು 40 ಏರಿದರೆ ಮೇಲಿನ ನೆಲ 75 ಏರುತ್ತದೆ: 185.

ಕಾಲು ಮೊದಲ ಒಂದೆರಡು ಮೆಟ್ಟಿಲಿನಲ್ಲಿ ಎತ್ತರವನ್ನು ಕಲಿತುಕೊಂಡು ಉಳಿದವನ್ನು ನೋಡದೆಯೇ ಏರುತ್ತದೆ. ಆದ್ದರಿಂದ ಮೆಟ್ಟಿಲು ಎತ್ತರವಿರುವುದಕ್ಕಿಂತ ಒಂದೊಂದು ಒಂದೊಂದು ಬಗೆಯಾಗಿರುವುದು ಹೆಚ್ಚು ಅಪಾಯ. ಐಬಿಸಿ ಎಂದು ಕರೆಯುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಒಂದೇ ಸಾಲಿನ ಅತಿ ಎತ್ತರದ ರೈಸರಿಗೂ ಅತಿ ಗಿಡ್ಡದಕ್ಕೂ ಇರಬಹುದಾದ ವ್ಯತ್ಯಾಸ 9.5 ಮಿ.ಮೀ. ನನ್ನ ಮೆಟ್ಟಿಲಿನಲ್ಲಿ ಅದು 70.

ಕಚೇರಿಗೆ ವಾಪಸು ಬಂದು ಹಿರಿಯರಿಗೆ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ, ಅವರು ನಕ್ಷೆಯನ್ನು ಎಳೆದುಕೊಂಡು, ಇದಕ್ಕೆ ಸಹಿ ಹಾಕಿದ್ದು ತಾನು ಎಂದಷ್ಟೇ ಹೇಳಿ, ದಾರಿ ಏನೆಂದು ನನ್ನನ್ನೇ ಕೇಳಿದರು. ಪೈಪುಗಳಿದ್ದುದರಿಂದ ನೆಲದ ದಪ್ಪ ಇಳಿಸುವಂತಿರಲಿಲ್ಲ. ಉಳಿದದ್ದು, ಲ್ಯಾಂಡಿಂಗ್ ಸೇರಿ ಎಲ್ಲ ಮೆಟ್ಟಿಲುಗಳಿಗೂ 40ರ ಬದಲು 75 ಕೊಡುವುದು. ಆಗ ಎಲ್ಲವೂ ಒಟ್ಟಿಗೆ 35 ಮೇಲೇರಿ ಮತ್ತೆ 150ಕ್ಕೆ ಬಂದು ನಿಲ್ಲುತ್ತವೆ. ಆದರೆ 35 ಮಿ.ಮೀ. ಗಾರೆಯೆಂದರೆ ಚದರ ಮೀಟರಿಗೆ ಸುಮಾರು 70 ಕಿಲೋ ಹೆಚ್ಚಿನ ಭಾರ. ಎಂಜಿನಿಯರ್ ಲೆಕ್ಕ ನೋಡಿ ತಡೆಯುತ್ತದೆ ಎನ್ನುವವರೆಗೆ ಒಂದೂವರೆ ದಿನ ನನಗೆ ಊಟ ಸೇರಲಿಲ್ಲ. ಮೆಟ್ಟಿಲಿನ ಬದಿಗೆ ಕೈ ಹಿಡಿಯಲು ಹಾಕುವ ಕಂಬಿಗಳಿಗೆ ಅಷ್ಟರಲ್ಲಿ ಅಳತೆ ಕೊಟ್ಟಾಗಿತ್ತು, ಅವನ್ನೂ ತಿದ್ದಬೇಕಾಯಿತು.

ಎರಡನೆಯ ಅಂತಸ್ತಿನ ಮೆಟ್ಟಿಲಿಗೆ ಇನ್ನೂ ಕಾಂಕ್ರೀಟು ಬಿದ್ದಿರಲಿಲ್ಲ. ಅದರ ನಕ್ಷೆಯನ್ನು ಹೊಸದಾಗಿ ಬರೆದೆ. ಈ ಬಾರಿ ಕಾಂಕ್ರೀಟನ್ನಲ್ಲ, ಮೊದಲು ಕಲ್ಲಿನ ಮೇಲ್ಮೈಯನ್ನು ಎಳೆದೆ. 21 ಸಮನಾದ 150ಗಳು. ಅದರಿಂದ ನೆಲದಲ್ಲಿ 75, ಮೆಟ್ಟಿಲಿನಲ್ಲಿ 40 ಕೆಳಗಿಳಿದು ಕಾಂಕ್ರೀಟಿನ ಗೆರೆ ಎಳೆದಾಗ ಅದರ ಮೊದಲ ರೈಸರು 185, ಕೊನೆಯದು 115, ನಡುವಿನವೆಲ್ಲ 150 ಎಂದು ಬಂತು. ನೋಡಲು ವಿಕಾರವಾಗಿತ್ತು. ಹಳೆಯ ಪ್ರತಿ ಸೈಟಿನಲ್ಲಿ ಉಳಿಯದಂತೆ ಅದನ್ನು ವಾಪಸು ತರಿಸಿ, ಬದಲಾದ ಭಾಗಕ್ಕೆ ಮೋಡದಂತೆ ಸುತ್ತುಗೆರೆ ಹಾಕಿ, ಹೊಸ ರಿವಿಷನ್ ಸಂಖ್ಯೆಯೊಂದಿಗೆ ಕಳಿಸಿದೆ. ಮರುದಿನ ಬೆಳಿಗ್ಗೆಯೇ ಸೆಂಟ್ರಿಂಗ್ ಬಡಗಿಯವರ ಫೋನು ಬಂತು: "ಮೇಡಂ, ಡ್ರಾಯಿಂಗ್ ತಪ್ಪಿದೆ. ಮೊದಲನೆಯದು 185 ಅಂತ ಬಿದ್ದಿದೆ, 150 ಮಾಡಿಕೊಂಡು ಹಲಗೆ ಹೊಡೆಯಲಾ?" ಬೇಡವೇ ಬೇಡ ಎಂದು ಕೂಗಿ, ಅರ್ಧ ಗಂಟೆಯಲ್ಲಿ ಸೈಟಿಗೆ ಹೋಗಿ, ಕಲ್ಲಿನ ಗೆರೆಯನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಅವರ ತಪ್ಪೇನೂ ಇರಲಿಲ್ಲ. ನಕ್ಷೆಯಲ್ಲಿ ಅಂಕಿ ಇತ್ತು, ಕಾರಣ ಇರಲಿಲ್ಲ. ಅಂದು ಸಂಜೆ ಅದೇ ಹಾಳೆಯಲ್ಲಿ 185ರ ಪಕ್ಕ ಬಾಣ ಎಳೆದು ಬರೆದ ಸಾಲು ನಾನು ಮಾಡುವ ಪ್ರತಿಯೊಂದು ಮೆಟ್ಟಿಲಿನ ನಕ್ಷೆಯಲ್ಲೂ ಈಗ ಇರುತ್ತದೆ: "ಈ ಅಳತೆ ಸರಿ ಇದೆ. ನೆಲಕ್ಕೆ 75, ಮೆಟ್ಟಿಲಿಗೆ 40 ಕಲ್ಲು ಬಂದ ಮೇಲೆ ಎಲ್ಲ ರೈಸರು 150."